ಘಟ್ಟ ಏರದ ವ್ಯಾನು, ಹದಿನೆಂಟು ಸಾವಿರ ಡಾಲರಿನ ಎಂಜಿನ್ನು

ಓದುಗರ ಪತ್ರ

ನಾವಿರುವುದು ಅಮೆರಿಕದ ಕೊಲೊರಾಡೊದಲ್ಲಿ, ಡೆನ್ವರ್ ಪಕ್ಕದ ಲೇಕ್‌ವುಡ್‌ನಲ್ಲಿ. ಹುಟ್ಟೂರು ತೀರ್ಥಹಳ್ಳಿ. ಎರಡು ವರ್ಷದ ಹಿಂದೆ ಬಹಳ ಆಸೆಪಟ್ಟು 1984ರ ಫೋಕ್ಸ್‌ವ್ಯಾಗನ್ ವ್ಯಾನಗನ್ ಕ್ಯಾಂಪರ್ ಕೊಂಡೆ. ಮೇಲಕ್ಕೆತ್ತುವ ಛಾವಣಿ, ಒಳಗೆ ಪುಟ್ಟ ಅಡುಗೆಮನೆ, ಮಲಗಲು ಮೇಲೊಂದು ಕೆಳಗೊಂದು ಹಾಸಿಗೆ ಇರುವ ವೆಸ್ಟ್‌ಫಾಲಿಯಾ ಮಾದರಿ. 1.9 ಲೀಟರ್ ಎಂಜಿನ್, ನಾಲ್ಕು ಗೇರು. ಹಿಂದಿನ ಮಾಲೀಕರು ದಪ್ಪ ಟೈರು ಹಾಕಿಸಿದ್ದಾರೆ, 215/75 ಆರ್ 15. ಛಾವಣಿಯ ಮೇಲೊಂದು ಸಾಮಾನಿನ ಪೆಟ್ಟಿಗೆಯೂ ಇದೆ. ಊರೊಳಗೆ ಗಾಡಿ ಚೆನ್ನಾಗಿಯೇ ಓಡುತ್ತದೆ.

ಹೋದ ಬೇಸಿಗೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಐ-70 ಹೆದ್ದಾರಿಯಲ್ಲಿ ಐಸೆನ್‌ಹೋವರ್ ಸುರಂಗದ ಕಡೆ ಹೊರಟೆ. ಜಾರ್ಜ್‌ಟೌನ್ ದಾಟಿದ ಮೇಲೆ ಮೂರನೇ ಗೇರಿನಲ್ಲಿ ಎಳೆಯಲೇ ಇಲ್ಲ. ಎರಡಕ್ಕೆ ಇಳಿಸಿದರೆ ಗಂಟೆಗೆ 28 ಮೈಲಿ. ಲೋಡು ಲಾರಿಗಳು ಹಾರ್ನ್ ಹೊಡೆದುಕೊಂಡು ನಮ್ಮನ್ನು ದಾಟಿ ಹೋದವು. ಬಿಸಿ ತೋರಿಸುವ ಮುಳ್ಳು ಮೇಲೇರಿತು, ಅದರ ನಡುವಿನ ಕೆಂಪು ದೀಪ ಎರಡು ಸಲ ಮಿಣುಕಿತು. ಹೆದರಿ ವಾಪಸು ತಿರುಗಿಸಿದೆ. ಇನ್ನು ಮಕ್ಕಳನ್ನು ಈ ಗಾಡಿಯಲ್ಲಿ ಬೆಟ್ಟಕ್ಕೆ ಕಳಿಸುವುದಿಲ್ಲ ಎಂದು ಹೆಂಡತಿ ಅಂದೇ ಹೇಳಿಬಿಟ್ಟಳು.

ಈಗ ಜೂನ್‌ನಲ್ಲಿ ಅಪ್ಪ ಅಮ್ಮ ಬರುತ್ತಿದ್ದಾರೆ. ಅಪ್ಪ ಕೆಎಸ್ಆರ್‌ಟಿಸಿಯಲ್ಲಿ ಡ್ರೈವರ್ ಆಗಿ ನಿವೃತ್ತರಾದವರು, ಆಗುಂಬೆ ಘಾಟಿಯಲ್ಲಿ ಬಸ್ಸು ಓಡಿಸಿದವರು. ಅವರನ್ನು ಈ ವ್ಯಾನಿನಲ್ಲೇ ಬೆಟ್ಟ ದಾಟಿಸಿ ಗ್ಲೆನ್‌ವುಡ್ ಸ್ಪ್ರಿಂಗ್ಸ್‌ನ ಬಿಸಿನೀರಿನ ಬುಗ್ಗೆಗೆ ಕರೆದುಕೊಂಡು ಹೋಗಬೇಕೆಂಬ ಆಸೆ. ಒಂದು ಗ್ಯಾರೇಜಿನವರು ಹಳೆಯ ಎಂಜಿನ್ ತೆಗೆದು ಸುಬಾರು ಎಂಜಿನ್ ಕೂರಿಸಲು 18,000 ಡಾಲರ್ ಕೇಳಿದ್ದಾರೆ. ಟರ್ಬೊ ಹಾಕಿಸು ಅನ್ನುತ್ತಾನೆ ಒಬ್ಬ ಗೆಳೆಯ, ಬೋರ್ ಮಾಡಿಸು ಅನ್ನುತ್ತಾನೆ ಇನ್ನೊಬ್ಬ. ಮಾರಿ ಹೊಸ ಕಾರು ತೆಗೆದುಕೊಳ್ಳೋಣ ಅನ್ನುತ್ತಾಳೆ ಹೆಂಡತಿ. ಏನು ಮಾಡಲಿ?

– ಹೆಸರು ಬೇಡ, ಲೇಕ್‌ವುಡ್

ಉತ್ತರ

ನಿಮ್ಮ ಪತ್ರದಲ್ಲಿ ಎರಡು ಚಿಂತೆ ಕಲಸಿಕೊಂಡಿವೆ. ಗಾಡಿ ನಿಧಾನ ಎನ್ನುವುದು ಒಂದು, ಗಾಡಿ ಕಾಯುತ್ತದೆ ಎನ್ನುವುದು ಇನ್ನೊಂದು. ನೀವು ಮೊದಲನೆಯದಕ್ಕೆ ಹದಿನೆಂಟು ಸಾವಿರ ಖರ್ಚು ಮಾಡಲು ಹೊರಟಿದ್ದೀರಿ. ನನಗೆ ಭಯ ಹುಟ್ಟಿಸಿದ್ದು ಎರಡನೆಯದು. ಆ ಕೆಂಪು ದೀಪ ಯಾಕೆ ಮಿಣುಕಿತು ಎಂದು ಗೊತ್ತಾಗುವವರೆಗೆ ಈ ವ್ಯಾನು ಬೆಟ್ಟದ ದಾರಿ ಹಿಡಿಯಬಾರದು. ನಿಮ್ಮ ಹೆಂಡತಿಯವರು ಹೇಳಿದ್ದು ಸರಿ. ವಾಪಸು ತಿರುಗಿಸಿದ ನೀವೂ ಸರಿಯಾದದ್ದನ್ನೇ ಮಾಡಿದಿರಿ.

ನಿಮ್ಮ ವ್ಯಾನಿನ ಎಂಜಿನ್ನು ನೀರಿನಿಂದ ತಣಿಯುವ ನಾಲ್ಕು ಸಿಲಿಂಡರಿನದು. ಫೋಕ್ಸ್‌ವ್ಯಾಗನ್‌ನ ಪೆಟ್ರೋಲ್ ವ್ಯಾನುಗಳಲ್ಲಿ ಅದಕ್ಕೆ ಮುಂಚೆ ಗಾಳಿಯಿಂದಲೇ ತಣಿಯುವ ಎಂಜಿನ್ ಇರುತ್ತಿತ್ತು. 1983ರ ಮಾದರಿಯಿಂದ ಈ 1.9 ಲೀಟರಿನದು ಬಂತು, ಇಲ್ಲಿಯವರು ಇದನ್ನು ವಾಸರ್‌ಬಾಕ್ಸರ್ ಎಂದೇ ಕರೆಯುವುದು. ಎಂಜಿನ್ನಿರುವುದು ಗಾಡಿಯ ಹಿಂಭಾಗದಲ್ಲಿ, ರೇಡಿಯೇಟರ್ ಇರುವುದು ಮುಂಭಾಗದಲ್ಲಿ. ನಡುವೆ ಗಾಡಿಯ ಉದ್ದಕ್ಕೂ ಕೂಲೆಂಟ್ ಪೈಪುಗಳು ಓಡುತ್ತವೆ. ಈ ಉದ್ದದ ದಾರಿಯಲ್ಲಿ ಎಲ್ಲಾದರೂ ಗಾಳಿ ಸಿಕ್ಕಿಕೊಂಡರೆ ನೀರು ಸರಿಯಾಗಿ ತಿರುಗುವುದಿಲ್ಲ. ಊರೊಳಗೆ ಅದು ಗೊತ್ತೇ ಆಗುವುದಿಲ್ಲ. ಎರಡನೇ ಗೇರಿನಲ್ಲಿ ಹತ್ತು ನಿಮಿಷ ಏರು ಹತ್ತಿದಾಗ ಮುಳ್ಳು ಮೇಲೇಳುತ್ತದೆ. ಕೂಲೆಂಟ್ ಬದಲಿಸಿದವರು ಗಾಳಿಯನ್ನು ಪೂರ್ತಿ ತೆಗೆದಿರಲಿಕ್ಕಿಲ್ಲ. ಗಾಡಿಯ ಮೂತಿಯನ್ನು ಎತ್ತರಕ್ಕೆ ಎತ್ತಿ ನಿಲ್ಲಿಸಿ, ಎಂಜಿನ್ನನ್ನು ಸ್ವಲ್ಪ ಜೋರಾಗಿ ಓಡಿಸುತ್ತ, ರೇಡಿಯೇಟರಿನ ಮೇಲ್ಗಡೆಯ ಸ್ಕ್ರೂ ಸಡಿಲಿಸಿ ಗುಳ್ಳೆ ನಿಲ್ಲುವವರೆಗೆ ಗಾಳಿ ಬಿಡಬೇಕು. ಈ ಗಾಡಿ ಗೊತ್ತಿರುವ ಮೆಕ್ಯಾನಿಕ್‌ಗೆ ಇದು ಮಾಮೂಲಿ ಕೆಲಸ. ಗೊತ್ತಿಲ್ಲದವರು ಸಾಧಾರಣ ಕಾರಿಗೆ ತುಂಬಿಸಿದ ಹಾಗೆ ತುಂಬಿಸಿ ಮುಚ್ಚಳ ಹಾಕುತ್ತಾರೆ.

ಆ ದೀಪ ಬಿಸಿ ಹೆಚ್ಚಾದಾಗ ಮಾತ್ರವಲ್ಲ, ಕೂಲೆಂಟ್ ಕಡಿಮೆಯಾದಾಗಲೂ ಮಿಣುಕುತ್ತದೆ. ಹಾಗಾಗಿ ಕೂಲೆಂಟ್ ಕಡಿಮೆಯಾಗುತ್ತಿದೆಯೇ, ಆಗುತ್ತಿದ್ದರೆ ಎಲ್ಲಿ ಹೋಗುತ್ತಿದೆ ಎಂದು ಹುಡುಕಬೇಕು. ಈ ಎಂಜಿನ್ನಿನ ದೊಡ್ಡ ದೌರ್ಬಲ್ಯ ಅದರ ಹೆಡ್. ಹೆಡ್ಡು ಮತ್ತು ಕೆಳಗಿನ ನೀರಿನ ಕವಚ ಸೇರುವ ಕಡೆ ಒಂದು ರಬ್ಬರ್ ಗ್ಯಾಸ್ಕೆಟ್ ಇದೆ. ತಪ್ಪು ಕೂಲೆಂಟ್ ಹಾಕಿದ್ದರೆ ವರ್ಷಗಳು ಕಳೆದಂತೆ ಅಲ್ಲಿ ಅಲ್ಯೂಮಿನಿಯಂ ತಿಂದುಹೋಗುತ್ತದೆ, ಗ್ಯಾಸ್ಕೆಟ್ ಹಿಡಿಯುವುದಿಲ್ಲ, ನೀರು ಜಿನುಗುತ್ತದೆ. ಒಂದು ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಟಾರ್ಚ್ ಹಿಡಿದು ಗಾಡಿಯ ಕೆಳಗೆ ಮಲಗಿ. ಎರಡೂ ಬದಿಯಲ್ಲಿ ಎಕ್ಸಾಸ್ಟ್ ಪೈಪುಗಳ ಒತ್ತಿನಲ್ಲಿ ಹೆಡ್ಡಿನ ಅಂಚು ಗೆರೆಯಂತೆ ಕಾಣುತ್ತದೆ. ಆ ಗೆರೆಯ ಉದ್ದಕ್ಕೂ ಬೆಳಕು ಬಿಡಿ. ಒಣಗಿ ಹರಳುಗಟ್ಟಿದ ಬಿಳಿ ಅಥವಾ ಹಸಿರು ಪೊರೆ ಕಂಡರೆ, ಬೆರಳಿಟ್ಟಾಗ ಜಿಗುಟಾಗಿ ಸಿಹಿ ವಾಸನೆ ಬಂದರೆ, ಸೋರಿಕೆ ಅಲ್ಲೇ. ನೋಡಿದ ಮೇಲೆ ಕೈ ತೊಳೆಯಿರಿ. ಕೂಲೆಂಟ್ ವಿಷ, ಮಕ್ಕಳ ಕೈಗೆ ಸಿಗಬಾರದು. ಎಂಜಿನ್ ಬಿಸಿಯಿರುವಾಗ ಕೂಲೆಂಟ್ ಮುಚ್ಚಳ ಮುಟ್ಟಲೇಬೇಡಿ. ಕೂಲೆಂಟ್ ಹಾಕಿಸುವಾಗ ಫಾಸ್ಫೇಟ್ ಇಲ್ಲದ್ದೇ ಬೇಕೆಂದು ಕೇಳಿ, ಡಿಸ್ಟಿಲ್ಡ್ ನೀರಿನ ಜೊತೆ ಅರ್ಧಕ್ಕರ್ಧ ಬೆರೆಸಿ.

ಕೆಳಗೆ ಮಲಗಿದ್ದಾಗಲೇ ಇನ್ನೊಂದು ಕೆಲಸ ಮಾಡಿ. ಆಮೇಲೆ ಮೇಲೆದ್ದು ಎಂಜಿನ್ ಮುಚ್ಚಳ ತೆಗೆದು ಅದನ್ನೇ ಮತ್ತೆ ಮಾಡಿ. ಪೆಟ್ರೋಲ್ ಪೈಪುಗಳನ್ನು ಒಂದೊಂದಾಗಿ ಮಡಚಿ ನೋಡಿ. ಮಡಿಕೆಯಲ್ಲಿ ಕೂದಲೆಳೆಯಂಥ ಬಿರುಕು ಕಂಡರೂ ಎಲ್ಲವನ್ನೂ ಒಟ್ಟಿಗೆ ಬದಲಿಸಿ, ಫ್ಯೂಯೆಲ್ ಇಂಜೆಕ್ಷನ್‌ಗೆಂದೇ ಮಾಡಿದ ಪೈಪು ಹಾಕಿಸಿ. ಯಾವಾಗ ಬದಲಿಸಿದ್ದು ಎಂದು ಗೊತ್ತಿಲ್ಲದಿದ್ದರೆ ಬಿರುಕು ಕಾಣದಿದ್ದರೂ ಬದಲಿಸಿ. ಹಳೆಯ ವ್ಯಾನಗನ್‌ಗಳು ದಾರಿ ಮಧ್ಯೆ ಹೊತ್ತಿ ಉರಿಯುವುದಕ್ಕೆ ಮುಖ್ಯ ಕಾರಣ ಈ ಪೈಪುಗಳೇ. ಒತ್ತಡದಲ್ಲಿರುವ ಪೆಟ್ರೋಲು ಬಿಸಿ ಎಂಜಿನ್ನಿನ ಮೇಲೆ ಚಿಮ್ಮುತ್ತದೆ. ಬೆಂಕಿ ಹಿಂದೆ ಇರುವುದರಿಂದ ಓಡಿಸುವವರಿಗೆ ತಡವಾಗಿ ಗೊತ್ತಾಗುತ್ತದೆ. ಹೊಸ ಎಂಜಿನ್ನಿನ ಮಾತು ಆಮೇಲೆ, ಇದಕ್ಕೆ ಒಂದು ದಿನವೂ ತಡ ಮಾಡಬೇಡಿ. ಡ್ರೈವರ್ ಸೀಟಿನ ಕೈಗೆಟುಕುವ ಕಡೆ ಬೆಂಕಿ ಆರಿಸುವ ಸಿಲಿಂಡರ್ ಕೂಡ ಇಡಿ.

ಇನ್ನು ಶಕ್ತಿಯ ಮಾತಿಗೆ ಬರೋಣ.

ಈ ಎಂಜಿನ್ ಹೊಸದಾಗಿದ್ದಾಗ ಕೊಡುತ್ತಿದ್ದದ್ದು 82 ಅಶ್ವಶಕ್ತಿ, ಅದೂ ಸಮುದ್ರಮಟ್ಟದಲ್ಲಿ. ಡೆನ್ವರ್ ಇರುವುದೇ 1,600 ಮೀಟರ್ ಎತ್ತರದಲ್ಲಿ, ಐಸೆನ್‌ಹೋವರ್ ಸುರಂಗ ಇರುವುದು ಸುಮಾರು 3,400 ಮೀಟರ್ ಮೇಲೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ 300 ಮೀಟರ್ ಏರಿಗೆ ಶೇಕಡ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ, ಗಾಳಿ ತೆಳುವಾಗುವುದರಿಂದ. ಸುರಂಗದ ಬಾಯಿಗೆ ಬರುವಷ್ಟರಲ್ಲಿ ಮೂರರಲ್ಲಿ ಒಂದು ಪಾಲು ಹೋಗಿರುತ್ತದೆ. ಯಾವ ದೋಷವೂ ಇಲ್ಲದ ಎಂಜಿನ್ನಿನಲ್ಲೂ ಅಲ್ಲಿ ಉಳಿಯುವುದು 55 ಅಶ್ವಶಕ್ತಿ. ಗೇರ್‌ಬಾಕ್ಸ್ ತಿನ್ನುವುದನ್ನು ಕಳೆದರೆ ಚಕ್ರಕ್ಕೆ ಸಿಗುವುದು 48ರ ಆಸುಪಾಸು.

ಈಗ ಬೇಕಾದದ್ದೆಷ್ಟು ನೋಡಿ. ನಾಲ್ಕು ಜನ, ನೀರು, ಸಾಮಾನು, ಗ್ಯಾಸು ಎಲ್ಲ ಸೇರಿ ನಿಮ್ಮ ಗಾಡಿ 2,200 ಕಿಲೋ ತೂಗುತ್ತದೆ ಎಂದಿಟ್ಟುಕೊಳ್ಳೋಣ. ನೂರು ಮೀಟರಿಗೆ ಏಳು ಮೀಟರ್ ಏರುವ ರಸ್ತೆಯಲ್ಲಿ ಅದನ್ನು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಎಳೆಯಲು, ಟೈರಿನ ಘರ್ಷಣೆ, ಗಾಳಿಯ ತಡೆ ಸೇರಿಸಿ, ಚಕ್ರದಲ್ಲಿ ಸುಮಾರು 43 ಅಶ್ವಶಕ್ತಿ ಬೇಕು. ಅಂದರೆ ನಿಮ್ಮ ವ್ಯಾನು ಕಾರ್ಖಾನೆಯಿಂದ ನಿನ್ನೆ ಬಂದಿದ್ದರೂ ಆ ಏರಿನಲ್ಲಿ 60, ಹೆಚ್ಚೆಂದರೆ 65 ಕಿಲೋಮೀಟರ್ ವೇಗದಲ್ಲಷ್ಟೇ ಹೋಗುತ್ತಿತ್ತು. ಅದಕ್ಕಿಂತ ಹೆಚ್ಚು ನಿರೀಕ್ಷಿಸಿ ಬೇಸರಪಡುವುದು ಬೇಡ.

ಆದರೆ ನೀವು ಹೋಗಿದ್ದು ಅಷ್ಟೂ ಅಲ್ಲ. ಮೀಟರ್ 28 ಮೈಲಿ ತೋರಿಸಿತು. ಮೂಲ ಟೈರು 185 ಆರ್ 14, ಈಗಿರುವುದು ಅದಕ್ಕಿಂತ ಶೇಕಡ 8ರಷ್ಟು ದೊಡ್ಡದು, ಆದ್ದರಿಂದ ಮೀಟರು ಕಡಿಮೆ ತೋರಿಸುತ್ತಿದೆ. ನಿಜವಾದ ವೇಗ 30 ಮೈಲಿ, ಎಂದರೆ 49 ಕಿಲೋಮೀಟರ್. ಎರಡನೇ ಗೇರಿನಲ್ಲಿ ಆ ವೇಗಕ್ಕೆ ಎಂಜಿನ್ ನಿಮಿಷಕ್ಕೆ ಸುಮಾರು 3,800 ಸುತ್ತು ತಿರುಗುತ್ತಿರುತ್ತದೆ. ಇದರ ಪೂರ್ತಿ ಶಕ್ತಿ ಸಿಗುವುದು 4,800 ಸುತ್ತಿನಲ್ಲಿ. ಆರೋಗ್ಯವಾಗಿರುವ ಎಂಜಿನ್ನಾಗಿದ್ದರೆ 3,800ರಲ್ಲೂ ಇನ್ನಷ್ಟು ವೇಗ ಹಿಡಿಯಲು ಶಕ್ತಿ ಮಿಗುತ್ತಿತ್ತು. ಹಾಗಾಗಲಿಲ್ಲ ಎಂದರೆ ಎರಡರಲ್ಲೊಂದು: ಎಂಜಿನ್ ಕೂಗುವುದಕ್ಕೆ ಹೆದರಿ ನೀವು ಆಕ್ಸಿಲರೇಟರ್ ಪೂರ್ತಿ ಒತ್ತಿಲ್ಲ, ಇಲ್ಲವೇ ಎಂಜಿನ್ನಿನ ಒಂದಷ್ಟು ಶಕ್ತಿ ಎಲ್ಲೋ ಸೋರಿಹೋಗಿದೆ. ಎರಡೂ ಇರಬಹುದು.

ಮೊದಲನೆಯದನ್ನು ನೀವೇ ಸರಿಮಾಡಿಕೊಳ್ಳಬಹುದು. ಈ ಗಾಡಿಯ ಎರಡನೇ ಗೇರಿಗೂ ಮೂರನೇ ಗೇರಿಗೂ ನಡುವೆ ದೊಡ್ಡ ಅಂತರವಿದೆ. ಮೂರರಲ್ಲಿ 60 ಕಿಲೋಮೀಟರ್ ವೇಗಕ್ಕೆ ಎಂಜಿನ್ 3,000 ಸುತ್ತಿನ ಆಸುಪಾಸು ಇರುತ್ತದೆ. ಆ ಎತ್ತರದಲ್ಲಿ, ಅಷ್ಟು ಸುತ್ತಿನಲ್ಲಿ ಶೇಕಡ 5ರ ಏರನ್ನು ಎಳೆದೀತು, 7ರದನ್ನು ಎಳೆಯುವುದಿಲ್ಲ. ಎರಡರಲ್ಲಾದರೆ 55 ಕಿಲೋಮೀಟರಿಗೇ 4,500 ಮುಟ್ಟಿ ಜೋರಾಗಿ ಕೂಗುತ್ತದೆ. ಆ ಕೂಗಿಗೆ ಹೆದರಬೇಡಿ. ಎಂಜಿನ್ನಿಗೆ ಹಿಂಸೆಯಾಗುವುದು ಮೂರರಲ್ಲಿ ಏದುಸಿರು ಬಿಡುತ್ತ ಎಳೆಸಿದಾಗ. ಆಗ ನೀರಿನ ಪಂಪು ನಿಧಾನ ತಿರುಗುತ್ತದೆ, ಬಿಸಿ ಮೇಲೇರುತ್ತದೆ. ಎರಡರಲ್ಲಿ ಚುರುಕಾಗಿ ತಿರುಗುವಾಗ ಪಂಪೂ ಚುರುಕಾಗಿರುತ್ತದೆ. ಹಲವು ವ್ಯಾನಗನ್‌ಗಳಲ್ಲಿ ಸುತ್ತು ತೋರಿಸುವ ಟ್ಯಾಕೋಮೀಟರ್ ಇರಬೇಕಾದ ಜಾಗದಲ್ಲಿ ದೊಡ್ಡ ಗಡಿಯಾರ ಇರುತ್ತದೆ. ನಿಮ್ಮದರಲ್ಲೂ ಹಾಗೇ ಇದ್ದರೆ ಒಂದು ಟ್ಯಾಕೋಮೀಟರ್ ಹಾಕಿಸಿ. ಬೆಟ್ಟದ ದಾರಿಗೆ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಉಪಯೋಗಕ್ಕೆ ಬರುವ ವಸ್ತು ಇನ್ನೊಂದಿಲ್ಲ.

ಟೈರನ್ನು ಬದಲಿಸಿ ಎಂದು ನಾನು ಒತ್ತಾಯದಿಂದಲೇ ಹೇಳುತ್ತೇನೆ. ದೊಡ್ಡ ಟೈರು ನೋಡಲು ಚೆಂದ, ಕಲ್ಲುದಾರಿಯಲ್ಲಿ ಅನುಕೂಲ. ಆದರೆ ಅದು ಪ್ರತಿ ಗೇರಿನಲ್ಲೂ ಎಳೆಯುವ ಬಲವನ್ನು ಶೇಕಡ 7–8ರಷ್ಟು ಕಸಿಯುತ್ತದೆ. ಮೂರನೇ ಗೇರು ಕೈಕೊಡಲು ಅದೂ ಒಂದು ಕಾರಣ. ಮೂಲ ಅಳತೆಗೆ ಹತ್ತಿರದ ಟೈರು ಹಾಕಿಸಿ, ಆದರೆ ಸಾದಾ ಕಾರಿನದು ಬೇಡ, ಭಾರ ಹೊರುವ ವ್ಯಾನಿನ ಟೈರೇ ಆಗಬೇಕು. ಹಾಗೇ ಛಾವಣಿಯ ಪೆಟ್ಟಿಗೆ ಇಳಿಸಿ. ನೀರಿನ ಟ್ಯಾಂಕು ತುಂಬಿದರೆ ಸುಮಾರು 50 ಕಿಲೋ, ಅದನ್ನು ಬೆಟ್ಟ ಇಳಿದ ಮೇಲೆ ತುಂಬಿಸಿಕೊಂಡರಾಯಿತು. ಹಿಂದಿನ ಮಾಲೀಕರು ಬಿಟ್ಟುಹೋದ ಸಾಮಾನು ಬೆಂಚಿನ ಕೆಳಗೆ, ಕಪಾಟಿನ ಹಿಂದೆ ಇದ್ದೇ ಇರುತ್ತದೆ. ಒಮ್ಮೆ ಪೂರ್ತಿ ಖಾಲಿ ಮಾಡಿ ನೋಡಿ.

ಸೋರಿಹೋದ ಶಕ್ತಿಯನ್ನು ಹುಡುಕುವುದು ಹೇಗೆ? ಎಲ್ಲಕ್ಕಿಂತ ಸುಲಭದ್ದು ಮೊದಲು. ಹೆಂಡತಿಯವರನ್ನೋ ಮಕ್ಕಳಲ್ಲೊಬ್ಬರನ್ನೋ ಡ್ರೈವರ್ ಸೀಟಿನಲ್ಲಿ ಕೂರಿಸಿ. ಎಂಜಿನ್ ಆಫ್ ಇರಲಿ. ನೀವು ಹಿಂದೆ ಎಂಜಿನ್ ಮುಚ್ಚಳ ತೆಗೆದು, ಥ್ರಾಟಲ್‌ಗೆ ಹೋಗುವ ಗಾಳಿಯ ರಬ್ಬರ್ ಕೊಳವೆ ಕಳಚಿ, ಒಳಗಿನ ಹಿತ್ತಾಳೆ ಬಣ್ಣದ ದುಂಡನೆ ತಟ್ಟೆ ಕಾಣುವ ಹಾಗೆ ಮಾಡಿಕೊಳ್ಳಿ. ಪೆಡಲ್ ಪೂರ್ತಿ ಒತ್ತಲು ಹೇಳಿ. ತಟ್ಟೆ ಪೂರ್ತಿ ತಿರುಗಿ ಅದರ ಅಂಚು ಮಾತ್ರ ತೆಳ್ಳಗೆ ಗೆರೆಯಾಗಿ ಕಾಣಬೇಕು. ಓರೆಯಾಗಿ ನಿಂತಿದೆಯೇ? ಹಾಗಾದರೆ ನೀವು ಇಷ್ಟು ದಿನ ಅರ್ಧ ತೆರೆದ ಬಾಗಿಲಲ್ಲಿ ಬೆಟ್ಟ ಹತ್ತಿಸಿದ್ದೀರಿ. ಪೆಡಲಿನಿಂದ ಎಂಜಿನ್ನಿನವರೆಗೆ ಗಾಡಿಯ ಉದ್ದಕ್ಕೂ ಬರುವ ಕೇಬಲ್ಲು ನಲವತ್ತು ವರ್ಷದಲ್ಲಿ ಹಿಗ್ಗಿರುತ್ತದೆ, ಪೆಡಲಿನ ಕೆಳಗೆ ದಪ್ಪನೆಯ ಮ್ಯಾಟು ಮಡಚಿಕೊಂಡಿರುತ್ತದೆ. ಕೇಬಲ್ ಬಿಗಿ ಮಾಡಲು ಬೇಕಾದದ್ದು ಒಂದು ಸ್ಪ್ಯಾನರ್.

ಮಿಕ್ಕದ್ದಕ್ಕೆ ಮೆಕ್ಯಾನಿಕ್ ಬೇಕು. ನಾಲ್ಕೂ ಸಿಲಿಂಡರಿನ ಕಂಪ್ರೆಶನ್ ನೋಡಿಸಿ. ಸಂಖ್ಯೆ ಎಷ್ಟು ಬಂತು ಎನ್ನುವುದಕ್ಕಿಂತ ನಾಲ್ಕರ ನಡುವೆ ವ್ಯತ್ಯಾಸ ಎಷ್ಟು ಎನ್ನುವುದು ಹೆಚ್ಚು ಹೇಳುತ್ತದೆ. ಎತ್ತರದ ಊರಲ್ಲಿ ನಾಲ್ಕೂ ಸ್ವಲ್ಪ ಕಡಿಮೆಯೇ ತೋರಿಸುತ್ತವೆ. ಇಗ್ನಿಷನ್ ಟೈಮಿಂಗ್ ಸರಿಯಿದೆಯೇ ನೋಡಿಸಿ, ತಡವಾಗಿ ಕಿಡಿ ಬಿದ್ದರೆ ಶಕ್ತಿಯೂ ಹೋಗುತ್ತದೆ, ಎಂಜಿನ್ನೂ ಕಾಯುತ್ತದೆ. ನಿಮ್ಮ ಎರಡೂ ತೊಂದರೆಗೆ ಇದೊಂದೇ ಕಾರಣವಾಗಿದ್ದರೂ ಆಶ್ಚರ್ಯವಿಲ್ಲ. ಒಳಬರುವ ಗಾಳಿ ಅಳೆಯುವ ಪೆಟ್ಟಿಗೆಯೊಳಗೆ ಇಂಗಾಲದ ಪಟ್ಟಿಯೊಂದರ ಮೇಲೆ ಪುಟ್ಟ ಕಡ್ಡಿ ಸರಿದಾಡುತ್ತದೆ. ಪಟ್ಟಿ ಸವೆದಿದ್ದರೆ ಎಂಜಿನ್ ಮುಗ್ಗರಿಸುತ್ತದೆ. ಕೂಲೆಂಟಿನ ಬಿಸಿ ಅಳೆದು ಕಂಪ್ಯೂಟರಿಗೆ ಹೇಳುವ ಸೆನ್ಸರ್ ಕೆಟ್ಟಿದ್ದರೆ ಎಂಜಿನ್ ಯಾವಾಗಲೂ ತಣ್ಣಗಿದೆ ಎಂದುಕೊಂಡು ಪೆಟ್ರೋಲ್ ಸುರಿಯುತ್ತದೆ. ತೆಳು ಗಾಳಿಯ ಬೆಟ್ಟದಲ್ಲಿ ಇದು ಇನ್ನೂ ಕಾಡುತ್ತದೆ. ಎಕ್ಸಾಸ್ಟಿನ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಪುಡಿಯಾಗಿ ಕಟ್ಟಿಕೊಂಡಿದ್ದರೆ ಹೊಗೆ ಹೊರಗೆ ಹೋಗಲು ಜಾಗವಿಲ್ಲದೆ ಎಂಜಿನ್ ಉಸಿರುಗಟ್ಟುತ್ತದೆ. ಊರೊಳಗೆ ಚೆನ್ನಾಗಿ ಓಡುವ ಗಾಡಿ ಏರಿನಲ್ಲಿ ಮಾತ್ರ ಸತ್ತ ಹಾಗಾಗುವುದಕ್ಕೆ ಇದೂ ಪದೇಪದೇ ಕಾಣುವ ಕಾರಣ.

ಪೆಟ್ರೋಲಿನ ಬಗ್ಗೆ ಒಂದು ಮಾತು. ಕೊಲೊರಾಡೊ ಬಂಕುಗಳಲ್ಲಿ ಅತಿ ಅಗ್ಗದ ಪಂಪಿನ ಮೇಲೆ 85 ಎಂದು ಬರೆದಿರುತ್ತದೆ. ನಿಮ್ಮ ಗಾಡಿಗೆ ಅದು ಬೇಡ, 87 ಅಥವಾ ಅದಕ್ಕಿಂತ ಮೇಲಿನದು ಹಾಕಿಸಿ. ಪೆಟ್ರೋಲಿಗೆ ಬೆರೆಸಿದರೆ ಶಕ್ತಿ ಹೆಚ್ಚುತ್ತದೆ ಎಂದು ಮಾರುವ ಬಾಟಲಿಗಳು, ಎರಡು ಮೂರು ಮೂತಿಯ ಸ್ಪಾರ್ಕ್ ಪ್ಲಗ್ಗುಗಳು, ಸದ್ದು ಹೆಚ್ಚಿಸುವ ಸೈಲೆನ್ಸರುಗಳು, ಇವಕ್ಕೆ ದುಡ್ಡು ಹಾಕಬೇಡಿ.

ಟರ್ಬೊ ಹೇಳಿದ ಗೆಳೆಯರ ತರ್ಕದಲ್ಲಿ ಅರ್ಧ ಸತ್ಯವಿದೆ. ತೆಳುವಾದ ಗಾಳಿಯನ್ನು ಒತ್ತಿ ತುಂಬುವುದೇ ಟರ್ಬೊದ ಕೆಲಸ, ಎತ್ತರದ ಊರಿಗೆ ಅದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಆದರೆ ಅದನ್ನು ಹೊರುವ ಎಂಜಿನ್ ಮೊದಲಿನಿಂದ ಅದಕ್ಕೆಂದೇ ತಯಾರಾಗಿರಬೇಕು. ಹೆಡ್ಡೇ ದುರ್ಬಲವಾಗಿರುವ, ಈಗಾಗಲೇ ಕಾಯುತ್ತಿರುವ ನಿಮ್ಮ ಎಂಜಿನ್ನಿಗೆ ಟರ್ಬೊ ಹಾಕಿದರೆ ಮೊದಲ ಬೆಟ್ಟದಲ್ಲೇ ಗ್ಯಾಸ್ಕೆಟ್ ಹೋಗುತ್ತದೆ. ಬೇಡವೇ ಬೇಡ. ಇನ್ನೊಬ್ಬ ಗೆಳೆಯರು ಹೇಳಿದ ಹಾಗೆ ಬೋರ್ ಮಾಡಿಸಿ, ದೊಡ್ಡ ಪಿಸ್ಟನ್ನು, ಉದ್ದ ಸ್ಟ್ರೋಕಿನ ಕ್ರ್ಯಾಂಕು ಹಾಕಿ ಎಂಜಿನ್ನನ್ನು 2.1 ಲೀಟರಿಗೋ ಅದಕ್ಕಿಂತ ಮೇಲಕ್ಕೋ ಬೆಳೆಸುವುದು ಗೌರವದ ದಾರಿ. ಫೋಕ್ಸ್‌ವ್ಯಾಗನ್ ಕಂಪನಿಯೇ 1986ರಲ್ಲಿ ಇಲ್ಲಿಯ ಮಾರುಕಟ್ಟೆಗೆ 2.1 ಲೀಟರಿನ, 95 ಅಶ್ವಶಕ್ತಿಯ ಎಂಜಿನ್ ತಂದಿತು. ಆದರೆ 13 ಅಶ್ವಶಕ್ತಿ ಸಮುದ್ರಮಟ್ಟದಲ್ಲಿ ಸಿಕ್ಕಿದ್ದು ಸುರಂಗದ ಹತ್ತಿರ 9 ಆಗುತ್ತದೆ. ಅದಕ್ಕಾಗಿ ಪೂರ್ತಿ ಎಂಜಿನ್ ಬಿಚ್ಚಿಸುವ ಖರ್ಚು ನನಗೆ ಸರಿ ಕಾಣುವುದಿಲ್ಲ.

ಈ ಗಾಡಿಗೆ ಎಂಜಿನ್ ಸಣ್ಣದಾಯಿತು ಎನ್ನುವ ಕೊರಗು ನಿಮ್ಮೊಬ್ಬರದಲ್ಲ. ಜರ್ಮನಿಯ ಓಟಿಂಗರ್ ಸಂಸ್ಥೆ ಇದೇ ವಾಸರ್‌ಬಾಕ್ಸರ್ ಕುಲದ ಆರು ಸಿಲಿಂಡರಿನ ಎಂಜಿನ್ ಮಾಡಿ ಮಾರಿತ್ತು. ದಕ್ಷಿಣ ಆಫ್ರಿಕದಲ್ಲಿ ಈ ವ್ಯಾನು 2002ರವರೆಗೆ ತಯಾರಾಗುತ್ತಿತ್ತು, ಅಲ್ಲಿ ಕಂಪನಿಯೇ ಆಡಿಯ ಐದು ಸಿಲಿಂಡರಿನ ಎಂಜಿನ್ ಹಾಕಿ ಕೊಟ್ಟಿತು. ಅಮೆರಿಕದಲ್ಲಿ ಜನ ಕಂಡುಕೊಂಡ ದಾರಿ ಸುಬಾರು. ಅದೂ ನಾಲ್ಕು ಸಿಲಿಂಡರ್ ಎದುರುಬದುರು ಮಲಗಿರುವ ಎಂಜಿನ್ನೇ ಆದ್ದರಿಂದ ಅದೇ ಗೂಡಿನಲ್ಲಿ ಕೂರುತ್ತದೆ. 2.2 ಲೀಟರಿನ ಹಳೆಯ ಸುಬಾರು ಎಂಜಿನ್ ಸುಮಾರು 130 ಅಶ್ವಶಕ್ತಿ ಕೊಡುತ್ತದೆ. ಮೇಲಿನ ಲೆಕ್ಕವನ್ನೇ ಮುಂದುವರಿಸಿದರೆ, ಅದೇ ಏರಿನಲ್ಲಿ ಗಂಟೆಗೆ 90 ಕಿಲೋಮೀಟರ್ ಹೋಗಲು ಸಮುದ್ರಮಟ್ಟದ ಲೆಕ್ಕದಲ್ಲಿ ಸುಮಾರು 120 ಬೇಕು. ಅಂದರೆ ಸುಬಾರು ಹಾಕಿಸಿದವರ ಅನುಭವಕ್ಕೂ ಲೆಕ್ಕಕ್ಕೂ ತಾಳೆಯಾಗುತ್ತದೆ, ಲಾರಿಗಳ ಹಿಂದೆ ಬೀಳಬೇಕಾಗಿಲ್ಲ.

ಹಾಗಾದರೆ ಹಾಕಿಸಬೇಕೇ? ನನ್ನ ಅಭಿಪ್ರಾಯ ಇದು. ಕಂಪ್ರೆಶನ್ ಚೆನ್ನಾಗಿದ್ದು, ಹೆಡ್ ಸೋರದಿದ್ದರೆ, ಈಗಿನ ಎಂಜಿನ್ನನ್ನೇ ಸರಿಮಾಡಿಸಿ ಓಡಿಸಿ. ಹೆಡ್ ತಿಂದುಹೋಗಿದ್ದರೆ, ಅಥವಾ ಕಂಪ್ರೆಶನ್ ಬಿದ್ದಿದ್ದರೆ, ಅದನ್ನು ಬಿಚ್ಚಿ ರಿಪೇರಿ ಮಾಡಿಸಿ ಮತ್ತೆ ಅದೇ 82ಕ್ಕೆ ಬರುವುದಕ್ಕೆ ಸಾವಿರಾರು ಡಾಲರ್ ಸುರಿಯಬೇಡಿ. ಆ ದುಡ್ಡನ್ನು ಸುಬಾರು ಕಡೆಗೆ ಇಡಿ. ಆದರೆ ಸುಬಾರು ಹಾಕಿಸುವುದು ಜೂನ್‌ಗೆ ಮೊದಲು ಬೇಡ. ಎಂಜಿನ್ ಬದಲಿಸಿದ ಗಾಡಿಯಲ್ಲಿ ಮೊದಲ ಕೆಲವು ತಿಂಗಳು ಒಂದಲ್ಲ ಒಂದು ಸಣ್ಣ ತೊಂದರೆ ಬರುತ್ತಲೇ ಇರುತ್ತದೆ. ಒಂದು ದಿನ ವೈರಿಂಗು, ಇನ್ನೊಂದು ದಿನ ನೀರಿನ ಪೈಪಿನ ಕ್ಲಿಪ್ಪು. ಅಂಥ ಗಾಡಿಯಲ್ಲಿ ವಯಸ್ಸಾದವರನ್ನು ಕೂರಿಸಿಕೊಂಡು ಬೆಟ್ಟ ಹತ್ತಬಾರದು. ಚಳಿಗಾಲದಲ್ಲಿ ಮಾಡಿಸಿ, ಊರ ಸುತ್ತ ಓಡಿಸಿ, ಬೇಸಿಗೆಗೆ ಹೊರಡಿ.

ಮಾಡಿಸುವುದೇ ಆದರೆ ಆ 18,000ದಲ್ಲಿ ಏನೇನು ಸೇರಿದೆ ಎಂದು ಕಾಗದದ ಮೇಲೆ ಬರೆಸಿಕೊಳ್ಳಿ. ಬರುವ ಎಂಜಿನ್ ಎಷ್ಟು ಓಡಿದ್ದು, ಟೈಮಿಂಗ್ ಬೆಲ್ಟು, ನೀರಿನ ಪಂಪು ಹೊಸದು ಹಾಕಿಕೊಡುತ್ತಾರೆಯೇ, ರೇಡಿಯೇಟರ್ ಹೊಸದೇ, ಉದ್ದನೆಯ ಕೂಲೆಂಟ್ ಪೈಪುಗಳನ್ನು ಬದಲಿಸುತ್ತಾರೆಯೇ, ಕ್ಲಚ್ಚು ಹಾಗೂ ಬ್ರೇಕು ಲೆಕ್ಕದಲ್ಲಿವೆಯೇ. ಗೇರ್‌ಬಾಕ್ಸ್ ಬಗ್ಗೆ ಮುಖ್ಯವಾಗಿ ಕೇಳಿ. 82ಕ್ಕೆಂದು ಮಾಡಿದ ಹಳೆಯ ಗೇರ್‌ಬಾಕ್ಸಿನ ಮೇಲೆ 130 ಬಿದ್ದರೆ ಒಳಗೆ ಮೊದಲೇ ಸವೆದಿರುವುದು ಬೇಗ ಮುರಿಯುತ್ತದೆ, ಆಗ ಇನ್ನೊಂದು ದೊಡ್ಡ ಬಿಲ್ಲು ಬರುತ್ತದೆ. 2.2ನ್ನೇ ಆರಿಸಿ, 2.5 ಬೇಡ. 2.5 ಲೀಟರಿನ ಸುಬಾರು ಎಂಜಿನ್ನಿಗೂ ಹೆಡ್ ಗ್ಯಾಸ್ಕೆಟ್ ತೊಂದರೆಯ ಹೆಸರಿದೆ, ಒಂದು ಕಾಯಿಲೆ ಬಿಟ್ಟು ಅದೇ ಕಾಯಿಲೆ ಕೊಂಡ ಹಾಗಾಗುತ್ತದೆ. 1996ಕ್ಕಿಂತ ಹಿಂದಿನ 2.2ರಲ್ಲಿ ಟೈಮಿಂಗ್ ಬೆಲ್ಟ್ ತುಂಡಾದರೂ ವಾಲ್ವಿಗೆ ಪಿಸ್ಟನ್ ಬಡಿಯುವುದಿಲ್ಲ, ಇದು ದೊಡ್ಡ ಸಮಾಧಾನ. ಡೆನ್ವರ್ ಸುತ್ತಲಿನ ಕೌಂಟಿಗಳಲ್ಲಿ ಹೊಗೆ ತಪಾಸಣೆ ಇದೆಯಲ್ಲ, ಎಂಜಿನ್ ಬದಲಿಸಿದ ನಿಮ್ಮ ವರ್ಷದ ಗಾಡಿಗೆ ಏನು ನಿಯಮ ಎಂದು ಮುಂಗಡ ಕೊಡುವ ಮೊದಲೇ ತಪಾಸಣಾ ಕೇಂದ್ರದಲ್ಲಿ ವಿಚಾರಿಸಿ.

ಇಷ್ಟೆಲ್ಲ ಏರುವುದರ ಬಗ್ಗೆ. ನಿಮ್ಮ ಪತ್ರದಲ್ಲಿ ಇಳಿಯುವುದರ ಬಗ್ಗೆ ಒಂದು ಸಾಲೂ ಇಲ್ಲ. ನನಗೆ ಅದರದೇ ಹೆಚ್ಚು ಯೋಚನೆ. ಏರುವಾಗ ಸೋತರೆ ಪಕ್ಕಕ್ಕೆ ನಿಲ್ಲಬಹುದು. ಸುರಂಗ ದಾಟಿದ ಕೂಡಲೇ ಸಿಲ್ವರ್‌ಥಾರ್ನ್ ಕಡೆಗೆ ಹದಿಮೂರು ಕಿಲೋಮೀಟರ್ ಇಳಿಜಾರಿದೆ, ಸುಮಾರು 700 ಮೀಟರ್ ಇಳಿಯುತ್ತೀರಿ. ಬ್ರೇಕ್ ಕೈಕೊಟ್ಟ ಲಾರಿಗಳು ನುಗ್ಗಿ ನಿಲ್ಲಲೆಂದೇ ಅಲ್ಲಿ ರಸ್ತೆ ಪಕ್ಕದಲ್ಲಿ ಜಲ್ಲಿಯ ಏರು ಮಾಡಿಟ್ಟಿದ್ದಾರೆ. ನಿಮ್ಮ ಗಾಡಿಗೆ ಹಿಂದಿನ ಚಕ್ರಗಳಲ್ಲಿ ಇರುವುದು ಡ್ರಮ್ ಬ್ರೇಕು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಹಳೆಯದಾದರೆ ಬಿಸಿಗೆ ಅದರೊಳಗಿನ ನೀರು ಆವಿಯಾಗಿ ಪೆಡಲು ನೆಲಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ನೀವು ಗಾಡಿ ಕೊಂಡು ಎರಡು ವರ್ಷವಾಯಿತು, ಬದಲಿಸಿದ ಲೆಕ್ಕ ಇಲ್ಲದಿದ್ದರೆ ಈ ವಾರವೇ ಬದಲಿಸಿ. ರಬ್ಬರ್ ಬ್ರೇಕ್ ಪೈಪು, ಪ್ಯಾಡು, ಹಿಂದಿನ ಲೈನರು ಎಲ್ಲ ಬಿಚ್ಚಿಸಿ ನೋಡಿ. ಗೇರ್ ವಿಷಯದಲ್ಲಿ ನಿಮ್ಮ ಮನೆಯಲ್ಲೇ ಗುರುಗಳಿದ್ದಾರೆ. ಹದಿನಾಲ್ಕು ತಿರುವಿನ ಆಗುಂಬೆ ಘಾಟಿಯಲ್ಲಿ ಬಸ್ಸು ತುಂಬ ಜನರನ್ನು ಇಳಿಸಿದವರು ಹತ್ತುವ ಗೇರಿನಲ್ಲೇ ಇಳಿಯಬೇಕು ಎನ್ನುವುದನ್ನು ಯಾರಿಂದಲೂ ಕೇಳಿ ತಿಳಿಯಬೇಕಾಗಿಲ್ಲ. ಎರಡರಲ್ಲಿ ಹತ್ತಿದರೆ ಎರಡರಲ್ಲೇ ಇಳಿಯಿರಿ, ಇಳಿಜಾರು ಶುರುವಾಗುವ ಮೊದಲೇ ಗೇರಿಗೆ ಹಾಕಿಕೊಳ್ಳಿ. ಬ್ರೇಕನ್ನು ಸದಾ ಒತ್ತಿ ಹಿಡಿಯಬೇಡಿ. ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಡಿ. ಅವರನ್ನು ಪಕ್ಕದ ಸೀಟಿನಲ್ಲೇ ಕೂರಿಸಿಕೊಳ್ಳಿ. ಗಾಡಿ ನಿಧಾನ ಹತ್ತುತ್ತದೆ ಎಂದು ಅವರ ಮುಂದೆ ಮಾನ ಹೋಗುವ ಮಾತೇ ಇಲ್ಲ. ಲೋಡು ಬಸ್ಸನ್ನು ಘಾಟಿಯಲ್ಲಿ ಒಂದು, ಎರಡನೇ ಗೇರಿನಲ್ಲಿ ಗಂಟೆಗಟ್ಟಲೆ ಎಳೆಸಿದವರಿಗೆ ನಿಮ್ಮ ವ್ಯಾನಿನ ಕಷ್ಟ ನಿಮಗಿಂತ ಚೆನ್ನಾಗಿ ಅರ್ಥವಾಗುತ್ತದೆ.

ಅಮ್ಮನನ್ನು ಕೂರಿಸುವ ಹಿಂದಿನ ಬೆಂಚಿನ ಸೀಟ್ ಬೆಲ್ಟು ಭುಜದ ಮೇಲೆ ಬರುವಂಥದ್ದೇ ನೋಡಿ. ಬರೀ ಸೊಂಟಕ್ಕೆ ಕಟ್ಟುವ ಬೆಲ್ಟಾಗಿದ್ದರೆ ಮೂರು ಕಡೆ ಹಿಡಿಯುವ ಬೆಲ್ಟು ಹಾಕಿಸಿ. ಸುಬಾರುಗಿಂತ ಮುಂಚೆ ದುಡ್ಡು ಹೋಗಬೇಕಾದ ಜಾಗ ಇದು. ಇನ್ನೊಂದು ವಿಷಯ. ತೀರ್ಥಹಳ್ಳಿಯಿಂದ ಬಂದವರನ್ನು ಇಳಿದ ಮರುದಿನವೇ 3,400 ಮೀಟರಿಗೆ ಕರೆದೊಯ್ಯಬೇಡಿ. ನಿಮ್ಮ ಮನೆ ಇರುವ ಎತ್ತರಕ್ಕೇ ಅವರಿಗೆ ಮೂರು ನಾಲ್ಕು ದಿನ ಬೇಕು. ಬಿಪಿ, ಹೃದಯದ ತೊಂದರೆ ಇದ್ದರೆ ಊರಿನ ಡಾಕ್ಟರನ್ನು ಹೊರಡುವ ಮೊದಲೇ ಕೇಳಿ. ಸುರಂಗ ದಾಟಿ ಹೋಗುವುದು ಸ್ವಲ್ಪ ಹೊತ್ತಿನ ಮಾತು, ಆದರೆ ರಾತ್ರಿ ಮಲಗುವುದನ್ನು ಬೆಟ್ಟದ ಮೇಲೆ ಇಟ್ಟುಕೊಳ್ಳಬೇಡಿ. ಗ್ಲೆನ್‌ವುಡ್ ತಗ್ಗಿನಲ್ಲಿದೆ, ಅಲ್ಲೇ ಮಲಗಿ. ವ್ಯಾನು ಓಡುವಾಗ ಅಡುಗೆ ಗ್ಯಾಸಿನ ಮುಖ್ಯ ವಾಲ್ವು ಮುಚ್ಚಿರಲಿ.

ಹೆಂಡತಿಯವರ ಜೊತೆ ಎಂಜಿನ್ ಬಗ್ಗೆ ವಾದ ಬೇಡ. ಅವರು ಕೇಳುತ್ತಿರುವುದು ಅಶ್ವಶಕ್ತಿಯನ್ನಲ್ಲ, ಮಕ್ಕಳು ಸುರಕ್ಷಿತವಾಗಿ ಮನೆಗೆ ಬರುತ್ತಾರೆಂಬ ಭರವಸೆಯನ್ನು. ಪೆಟ್ರೋಲ್ ಪೈಪು, ಕೂಲೆಂಟು, ಬ್ರೇಕು, ಬೆಲ್ಟು ಆದ ಮೇಲೆ ನೀವೊಬ್ಬರೇ ಒಂದು ವಾರದ ದಿನ, ಬೆಳಗ್ಗೆ ಟ್ರಾಫಿಕ್ ಕಡಿಮೆ ಇರುವಾಗ, ಖಾಲಿ ಗಾಡಿಯಲ್ಲಿ ಸುರಂಗದವರೆಗೆ ಹೋಗಿ ಬನ್ನಿ. ಬಲಗಡೆಯ ಲೇನು ಬಿಡಬೇಡಿ, ನಿಧಾನ ಹೋಗುವ ಗಾಡಿಗಳ ಜಾಗವೇ ಅದು. ಮುಳ್ಳು ನಡುವಿನ ದೀಪ ದಾಟಿ ಮೇಲೆ ಹೋದರೆ ಹೀಟರ್ ಪೂರ್ತಿ ಹಾಕಿ, ಕಿಟಕಿ ತೆರೆದು, ಸುರಕ್ಷಿತ ಜಾಗ ನೋಡಿ ನಿಲ್ಲಿಸಿ. ದೀಪ ಮಿಣುಕದೆ, ಎರಡನೇ ಗೇರಿನಲ್ಲಿ 55 ಕಿಲೋಮೀಟರ್ ಹಿಡಿದು ಹತ್ತಿದರೆ, ಆಮೇಲೆ ಮನೆಯವರನ್ನು ಕೂರಿಸಿಕೊಂಡು ಇನ್ನೊಮ್ಮೆ ಹೋಗಿ, ನಿರ್ಧಾರ ಅವರಿಗೆ ಬಿಡಿ. ಮತ್ತೆ ಮಿಣುಕಿದರೆ ಗ್ಲೆನ್‌ವುಡ್ಡಿಗೆ ಬಾಡಿಗೆ ಕಾರಿನಲ್ಲಿ ಹೋಗಿ, ವ್ಯಾನನ್ನು ಡೆನ್ವರ್ ಹತ್ತಿರದ ತಗ್ಗಿನ ಕ್ಯಾಂಪುಗಳಿಗೆ ಇಟ್ಟುಕೊಳ್ಳಿ. ನಾಲ್ಕು ಸಿಲಿಂಡರಿನ ಕಂಪ್ರೆಶನ್ ಸಂಖ್ಯೆ ಬಂದ ಮೇಲೆ, ಹೆಡ್ಡಿನ ಅಂಚಿನ ಫೋಟೋ ಜೊತೆ ಮತ್ತೆ ಬರೆಯಿರಿ. ಸುಬಾರು ವಿಷಯ ಆಗ ಕೂತು ಲೆಕ್ಕ ಹಾಕೋಣ.